ಪ್ಲಗ್ ಒದ್ದೆ, ಸರಿ. ಯಾವಾಗ ಒದ್ದೆಯಾಯಿತು?

(ಮೈಸೂರಿನಲ್ಲಿ ಹಳೇ ಕಾರು ಇಟ್ಟುಕೊಂಡವರು ಕೆಲವರು ಒಂದು ಭಾನುವಾರ ಬೆಳಿಗ್ಗೆ ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಎರಡು ಮೂರು ಕಡೆ ಬಿಟ್ಟುಹೋಗಿದ್ದನ್ನು ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಿಮ್ಮ ನಿಮ್ಮ ಗಾಡಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಬಾರದು ನೋಡಿ. ನನ್ನ ಹತ್ತಿರ 1986ರ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ಕೊಂಡಿದ್ದು. ಅದು ಕೈಕೊಟ್ಟಾಗಲೆಲ್ಲ ಮೆಕ್ಯಾನಿಕ್ ಪಕ್ಕ ಟಾರ್ಚ್ ಹಿಡಿದು ನಿಂತೂ ನಿಂತೂ ಒಂದಿಷ್ಟು ಕಲಿತಿದ್ದೇನೆ. ಟಾರ್ಚ್ ಹಿಡಿಯುವವನಿಗೆ ಎಷ್ಟು ಕಾಣುತ್ತದೋ ಅಷ್ಟೇ ನನಗೂ ಗೊತ್ತಿರುವುದು.

ಇವತ್ತಿನ ವಿಷಯ ಓವರ್‌ಫ್ಲೋ. ಕಾರ್ಬುರೇಟರ್ ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ. ಅದರಲ್ಲಿ ಪೆಟ್ರೋಲ್ ಜಾಸ್ತಿ ತುಂಬಿ, ಕೇಳದಿದ್ದರೂ ಇಂಜಿನ್ ಒಳಗೆ ಇಳಿದು, ಕಿಡಿ ಹೊಡೆಯುವ ಪ್ಲಗ್ ನಾಲ್ಕೂ ಒದ್ದೆಯಾಗಿ, ಸೆಲ್ಫ್ ಹೊಡೆದಷ್ಟೂ ಬ್ಯಾಟರಿ ಇಳಿಯುತ್ತದೆಯೇ ಹೊರತು ಕಾರು ಏಳುವುದಿಲ್ಲ. ಗ್ಯಾರೇಜಿನಲ್ಲಿ ಚಿಕ್ಕದಾಗಿ ‘ಓವರ್ ಆಗಿದೆ ಸಾರ್’ ಅನ್ನುತ್ತಾರೆ. ಇಲ್ಲಿ ಕೂತವರಲ್ಲಿ ಈ ಮಾತು ಕೇಳದವರು ಯಾರಾದರೂ ಇದ್ದರೆ, ಅವರು ಕಾರನ್ನು ಬಟ್ಟೆ ಮುಚ್ಚಿ ಇಟ್ಟಿದ್ದಾರೆ ಅಂತಲೇ ಲೆಕ್ಕ.

ನನ್ನ ಕಥೆ ಮೊದಲು ಹೇಳುತ್ತೇನೆ. ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಲೊಡಲೊಡ ಅಲ್ಲಾಡುತ್ತಿತ್ತು. ಸೈಲೆನ್ಸರ್‌ನಲ್ಲಿ ಕರಿ ಹೊಗೆ. ಮನೆಗೆ ಬಂದು ಶೆಡ್ಡಿನಲ್ಲಿ ನಿಲ್ಲಿಸಿದರೆ ಅಡುಗೆಮನೆವರೆಗೂ ಪೆಟ್ರೋಲ್ ವಾಸನೆ. ಲೀಟರಿಗೆ ಹದಿಮೂರು ಕೊಡುತ್ತಿದ್ದದ್ದು ಎಂಟಕ್ಕೆ ಇಳಿಯಿತು. ಒಂದು ಗ್ಯಾರೇಜಿಗೆ ಹೋದೆ. ಕಾರ್ಬುರೇಟರ್ ಬಿಚ್ಚಿ, ತೊಳೆದು, ಹೊಸ ಕಿಟ್, ಅಂದರೆ ಒಳಗೆ ಬದಲಾಯಿಸುವ ಚಿಕ್ಕಪುಟ್ಟ ಭಾಗಗಳ ಪ್ಯಾಕೆಟ್, ಹಾಕಿದರು. ಎರಡು ದಿನ ರೇಷ್ಮೆ ಹಾಗೆ ಓಡಿತು. ಮೂರನೇ ದಿನ ಮತ್ತೆ ಅದೇ. ಇನ್ನೊಂದು ಕಿಟ್. ನಾಲ್ಕು ದಿನ ಚೆನ್ನಾಗಿತ್ತು. ಮೂರನೇ ಕಿಟ್ ಆದಮೇಲೆ ‘ಕಾರ್ಬುರೇಟರ್ ಸತ್ತಿದೆ ಸಾರ್, ಬದಲಾಯಿಸಿಬಿಡಿ’ ಅಂದರು. ನಾನೂ ನಂಬಿದೆ. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ ರೇಟು ಕೂಡ ಕೇಳಿದ್ದೆ.

ಅಷ್ಟರಲ್ಲಿ ಯಾರೋ ನಂಜನಗೂಡಿನ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿಯ ದಾರಿ ತೋರಿಸಿದರು. ಹೋದೆ. ಅವರು ಬಾನೆಟ್ ಎತ್ತಿದರು, ಪಾನಾ ಮಾತ್ರ ಮುಟ್ಟಲಿಲ್ಲ.

‘ಯಾವಾಗ ಓವರ್ ಆಗುತ್ತೆ?’ ಅಂದರು.

‘ಆಗ್ತಾ ಇರುತ್ತೆ’ ಅಂದೆ.

‘ಅದೇ, ಯಾವಾಗ? ಬೆಳಿಗ್ಗೆ ತಣ್ಣಗಿದ್ದಾಗಲಾ? ಓಡಿಸಿಕೊಂಡು ಬಂದು ನಿಲ್ಲಿಸಿ, ಕಾಫಿ ಕುಡಿದು ಮತ್ತೆ ಹೊಡೆದಾಗಲಾ? ಇಲ್ಲ, ಓಡುವಾಗಲೇನಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ಕಿಟ್ ಹಾಕಿಸಿದ್ದೆ, ದುಡ್ಡು ಕೊಟ್ಟಿದ್ದೆ, ಇದೊಂದನ್ನು ನೋಡಿರಲಿಲ್ಲ. ಅವರು ಬಾನೆಟ್ ಮುಚ್ಚಿ, ‘ಎರಡು ದಿನ ಓಡಿಸಿ, ನೋಡಿಕೊಂಡು ಬನ್ನಿ’ ಅಂದು ಕೈ ಒರೆಸಿಕೊಂಡರು. ನಿಜ ಹೇಳಬೇಕೆಂದರೆ ಅವತ್ತು ನನಗೆ ಸಿಟ್ಟು ಬಂದಿತ್ತು.

ಆ ಪ್ರಶ್ನೆ ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಒಳಗೆ ಏನಿದೆ ಅಂತ ನೋಡಬೇಕು. ಈ ಸ್ಟೀಲ್ ತಟ್ಟೆ ಒಂದು ಸುತ್ತು ಹೋಗಿಬರಲಿ. ಇದರಲ್ಲಿರುವುದು ಸೊಲೆಕ್ಸ್ ಅನ್ನುವ ಕಂಪನಿಯ ಒಂದು ಹಳೇ ಕಾರ್ಬುರೇಟರ್‌ನ ಮೇಲ್ಮುಚ್ಚಳ, ಫ್ಲೋಟು, ಒಂದು ನೀಡಲ್. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು. ಉದುರಿಸಬೇಡಿ.

ನಿಮ್ಮೆಲ್ಲರ ಮನೆ ಮೇಲೂ ನೀರಿನ ಟ್ಯಾಂಕ್ ಇದೆ. ಒಳಗೆ ಒಂದು ಚೆಂಡು ತೇಲುತ್ತಿರುತ್ತದೆ. ನೀರು ಏರಿದ ಹಾಗೆ ಚೆಂಡು ಏರಿ ನಲ್ಲಿ ಮುಚ್ಚುತ್ತದೆ, ನೀರು ಇಳಿದರೆ ತೆರೆಯುತ್ತದೆ. ಕಾರ್ಬುರೇಟರ್‌ನಲ್ಲೂ ಅದೇ. ಒಂದು ಪುಟ್ಟ ತೊಟ್ಟಿ, ಅದರಲ್ಲಿ ತೇಲುವ ಫ್ಲೋಟು, ಫ್ಲೋಟಿನ ಮೇಲೆ ನೀಡಲ್. ಫ್ಲೋಟು ಏರಿದರೆ ನೀಡಲ್‌ನ ಚೂಪು ತುದಿ ಹೋಗಿ ಪೆಟ್ರೋಲ್ ಬರುವ ತೂತನ್ನು ಮುಚ್ಚುತ್ತದೆ. ಮನೆ ಟ್ಯಾಂಕು ತುಂಬಿ ಹರಿದರೆ ಓವರ್‌ಫ್ಲೋ ಪೈಪಿನಿಂದ ಪಕ್ಕದ ಮನೆ ಗೋಡೆಗೆ ಬಿದ್ದು ಜಗಳ ಆಗುತ್ತದೆ, ಅಷ್ಟೇ. ಇಲ್ಲಿ ಓವರ್‌ಫ್ಲೋ ಪೈಪು ಅಂದರೆ ಇಂಜಿನ್‌ನ ಗಂಟಲು, ಅಂದರೆ ಗಾಳಿ ಒಳಗೆ ಹೋಗುವ ದಾರಿ.

ಹೇಗೆ ಅಂದರೆ, ಆ ತೊಟ್ಟಿಯಿಂದ ಒಂದು ನಳಿಗೆ ಗಂಟಲಿನೊಳಕ್ಕೆ ಬಾಯಿ ತೆರೆದಿದೆ. ತೊಟ್ಟಿಯಲ್ಲಿ ಪೆಟ್ರೋಲಿನ ಮಟ್ಟ ಆ ಬಾಯಿಗಿಂತ ಕೆಲವೇ ಮಿಲಿಮೀಟರ್ ಕೆಳಗೆ ನಿಂತಿರಬೇಕು. ಆಗ ಗಾಳಿ ಜೋರಾಗಿ ಎಳೆದಾಗ ಮಾತ್ರ ಪೆಟ್ರೋಲ್ ಹೊರಗೆ ಬರುತ್ತದೆ. ಮಟ್ಟ ಆ ಬಾಯಿಗಿಂತ ಮೇಲೇರಿತೋ, ಯಾರೂ ಎಳೆಯುವುದೇ ಬೇಡ, ತಾನಾಗಿ ಸುರಿಯುತ್ತದೆ. ಆ ಕೆಲವು ಮಿಲಿಮೀಟರ್ ಮೇಲೆ ಇಡೀ ಕಾರು ನಿಂತಿದೆ.

ಈಗ ಮೇಸ್ತ್ರಿಯ ಪ್ರಶ್ನೆಗೆ ಬರೋಣ.

ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಓವರ್ ಆಗುತ್ತದೆ, ಒಮ್ಮೆ ಎದ್ದ ಮೇಲೆ ದಿನವಿಡೀ ತೊಂದರೆ ಇಲ್ಲ ಅಂದರೆ, ಮೊದಲು ಅನುಮಾನ ಪಡಬೇಕಾದ್ದು ಸೀಟಿನಲ್ಲಿ ಕೂತವನ ಮೇಲೆ. ಬೇಜಾರು ಮಾಡಿಕೊಳ್ಳಬೇಡಿ. ಗಾಳಿ ಕಡಿಮೆ ಮಾಡುವ ಚೋಕ್ ಪೂರ್ತಿ ಎಳೆದು, ಎಕ್ಸಲರೇಟರ್ ಪೆಡಲನ್ನು ಹತ್ತು ಸಲ ತುಳಿದು, ಆಮೇಲೆ ಸೆಲ್ಫ್ ಹೊಡೆಯುವುದು ನಮ್ಮಲ್ಲಿ ಒಂದು ರೂಢಿ. ಪದ್ಮಿನಿಯಂಥ ಕಾರುಗಳಲ್ಲಿ ಪ್ರತಿ ತುಳಿತಕ್ಕೂ ಕಾರ್ಬುರೇಟರ್ ಒಳಗಿನ ಪುಟ್ಟ ಪಂಪು ಒಂದು ಪಿಚಕಾರಿ ಪೆಟ್ರೋಲ್ ಚಿಮ್ಮಿಸುತ್ತದೆ. ಇಂಜಿನ್ ತಿರುಗದಿದ್ದರೂ ಚಿಮ್ಮಿಸುತ್ತದೆ. ಹತ್ತು ಸಲ ತುಳಿದರೆ ಹತ್ತು ಪಿಚಕಾರಿ. ಪ್ಲಗ್ ಒದ್ದೆಯಾಗದೆ ಇನ್ನೇನಾಗುತ್ತದೆ?

ಹಾಗೆ ಆದಾಗ ಬಿಡಿಸಿಕೊಳ್ಳುವುದು ಸುಲಭ. ಚೋಕ್ ಒಳಗೆ ತಳ್ಳಿ. ಪೆಡಲನ್ನು ನಿಧಾನಕ್ಕೆ ಪೂರ್ತಿ ಒತ್ತಿ, ಒತ್ತಿಕೊಂಡೇ ಇರಿ. ಬಿಟ್ಟು ಬಿಟ್ಟು ತುಳಿಯಬೇಡಿ, ಹಾಗೆ ಮಾಡಿದರೆ ಮತ್ತೆ ಪಿಚಕಾರಿ. ಈಗ ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಸ್ವಲ್ಪ ಬಿಡಿ, ಮತ್ತೆ ಹೊಡೆಯಿರಿ. ಕಾರ್ಬುರೇಟರ್ ಒಳಗಿನ ಗಾಳಿ ಬಾಗಿಲು ಪೂರ್ತಿ ತೆರೆದಿರುವುದರಿಂದ ಬರೀ ಗಾಳಿ ನುಗ್ಗಿ ಒಳಗಿನದನ್ನು ಒಣಗಿಸುತ್ತದೆ. ಎದ್ದ ತಕ್ಷಣ ಕರಿ ಹೊಗೆ ಬುಸ್ ಅನ್ನುತ್ತದೆ. ಆಗ ಮೆಲ್ಲಗೆ ಕಾಲು ಎತ್ತಿ. ಚೋಕ್ ಕೇಬಲ್ ಹಿಡಿದುಕೊಂಡು ಪೂರ್ತಿ ಹಿಂದೆ ಹೋಗದಿರುವುದೂ ಉಂಟು. ಅದು ಸೀಟಿನಲ್ಲಿ ಕೂತು ಚೋಕ್ ನಾಬ್ ತಳ್ಳಿದರೆ ಗೊತ್ತಾಗುವುದಿಲ್ಲ, ಬಾನೆಟ್ ಎತ್ತಿ ಆ ಕಡೆಯ ಲಿವರ್ ವಾಪಸ್ ಬಂದಿದೆಯಾ ಅಂತ ನೋಡಬೇಕು. ಇಷ್ಟಕ್ಕೆಲ್ಲ ಕಿಟ್ ಬೇಡ.

ಎರಡನೆಯದು ಬಿಸಿಯಾದಾಗ. ಇದು ನನಗೆ ಪಾಠ ಕಲಿಸಿದ್ದು ಕೊಟ್ಟಿಗೆಹಾರದಲ್ಲಿ. ಮಂಗಳೂರಿನಿಂದ ಬರುತ್ತಾ ಚಾರ್ಮಾಡಿ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತಿಸಿದ್ದೆ. ಮೇಲೆ ಬಂದಮೇಲೆ ನೀರುದೋಸೆಗೆ ನಿಲ್ಲಿಸದೆ ಹೋಗುವುದಾದರೂ ಹೇಗೆ? ನಿಲ್ಲಿಸಿದೆವು. ಒಂದು ಇಪ್ಪತ್ತು ನಿಮಿಷ. ಬಂದು ಹೊಡೆದರೆ ಗಾಡಿ ಏಳಲೇ ಇಲ್ಲ. ಸುತ್ತ ಪೆಟ್ರೋಲ್ ವಾಸನೆ.

ಇಲ್ಲಿ ಆಗಿದ್ದು ಏನೆಂದರೆ, ಓಡುತ್ತಿರುವಾಗ ಫ್ಯಾನು ಗಾಳಿ ಹೊಡೆಯುತ್ತಿರುತ್ತದೆ, ನೀರು ಸುತ್ತುತ್ತಿರುತ್ತದೆ, ಟ್ಯಾಂಕಿನಿಂದ ತಣ್ಣನೆ ಪೆಟ್ರೋಲ್ ಬರುತ್ತಿರುತ್ತದೆ. ಕೀ ತಿರುಗಿಸಿ ಆಫ್ ಮಾಡಿದ ತಕ್ಷಣ ಮೂರೂ ನಿಂತುಹೋಗುತ್ತವೆ. ಇಂಜಿನ್‌ನ ಕಾವು ಮಾತ್ರ ಎಲ್ಲೂ ಹೋಗಿಲ್ಲ. ಅದು ಮೇಲಕ್ಕೆ ಏರಿ ಕಾರ್ಬುರೇಟರನ್ನು ಕಾಯಿಸುತ್ತದೆ. ಅಂದರೆ ನಿಲ್ಲಿಸಿದ ಮೇಲೆಯೇ ಕಾರ್ಬುರೇಟರ್ ಇನ್ನೂ ಬಿಸಿಯಾಗುವುದು. ಪೆಟ್ರೋಲ್ ಒಂದೇ ವಸ್ತು ಅಲ್ಲ, ಹಲವು ದ್ರವಗಳು ಬೆರೆತದ್ದು. ಅದರಲ್ಲಿ ಹಗುರವಾದವು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು. ತೊಟ್ಟಿಯಲ್ಲಿ ಹಾಲು ಉಕ್ಕಿದ ಹಾಗೆ ಪೆಟ್ರೋಲ್ ಉಕ್ಕಿ ನಳಿಗೆಯ ಬಾಯಿಂದ ಗಂಟಲಿಗೆ ತೊಟ್ಟಿಕ್ಕುತ್ತದೆ. ನೀಡಲ್ ಸರಿ ಇದೆ, ಫ್ಲೋಟು ಸರಿ ಇದೆ, ಆದರೂ ಓವರ್.

ಇದರ ಜೊತೆ ಇನ್ನೊಂದನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗಿ ಗಾಳಿಗುಳ್ಳೆ ಕಟ್ಟಿ, ಕಾರ್ಬುರೇಟರ್‌ಗೆ ಪೆಟ್ರೋಲೇ ಬಾರದ ಕಾಯಿಲೆ. ವೇಪರ್ ಲಾಕ್ ಅನ್ನುವುದು ಅದಕ್ಕೆ. ಅದೂ ಬಿಸಿಯಲ್ಲೇ, ಅದೂ ನಿಂತ ಮೇಲೆಯೇ. ಒಂದಕ್ಕೆ ಹೊಟ್ಟೆ ಬಿರಿಯುವಷ್ಟು ಊಟ, ಇನ್ನೊಂದಕ್ಕೆ ಉಪವಾಸ. ವಾಸನೆ ನೋಡಿದರೆ ಗೊತ್ತಾಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಉಪವಾಸದ ಕಾಯಿಲೆಗೆ ಔಷಧಿ. ಉಕ್ಕಿದ್ದಕ್ಕೆ ಅದನ್ನು ಮಾಡಿದರೆ ಒಳಗೆ ಇಳಿದಿರುವ ಪೆಟ್ರೋಲ್ ಎಲ್ಲಿಗೂ ಹೋಗುವುದಿಲ್ಲ. ಬಾನೆಟ್ ತೆರೆದಿಟ್ಟು ಕಾಯಬೇಕು, ಆಮೇಲೆ ಪೆಡಲ್ ಪೂರ್ತಿ ಒತ್ತಿ ಹೊಡೆಯಬೇಕು. ನಾವು ಅವತ್ತು ಇನ್ನೊಂದು ಪ್ಲೇಟ್ ದೋಸೆ ತಿಂದೆವು.

ಇದು ಯಾವಾಗಲೋ ಒಮ್ಮೆ, ಬೇಸಿಗೆಯಲ್ಲಿ, ಘಾಟಿ ಹತ್ತಿದಾಗ ಆದರೆ ಸುಮ್ನೆ ಬಿಟ್ಟುಬಿಡಿ. ದಿನಾ ಆಗುತ್ತಿದ್ದರೆ ಕಾರ್ಬುರೇಟರ್ ಕೆಳಗೆ ನೋಡಿ. ಅಲ್ಲಿ ಒಂದು ದಪ್ಪನೆ ಬೇಕಲೈಟ್ ತುಂಡು ಇರಬೇಕು, ಕಾವು ಮೇಲೆ ಬಾರದ ಹಾಗೆ. ಹಿಂದೆ ಯಾರೋ ಬಿಚ್ಚಿದವರು ಅದನ್ನು ಒಡೆದು, ಎರಡು ಪೇಪರ್ ಪ್ಯಾಕಿಂಗ್ ಹಾಕಿ ಕೂರಿಸಿರುತ್ತಾರೆ. ಎಷ್ಟೋ ಕಾರುಗಳಲ್ಲಿ ನೋಡಿದ್ದೇನೆ.

ಹಾಗಾದರೆ ನನ್ನ ಕಾರು? ಎರಡು ದಿನ ಪುಸ್ತಕ ಇಟ್ಟುಕೊಂಡು ಬರೆದೆ. ನನ್ನ ಹೆಂಡತಿ ‘ಇದೇನು, ಜ್ವರದ ಚಾರ್ಟಾ?’ ಅಂದಳು. ತಣ್ಣಗಿದ್ದಾಗಲೂ ಆಗುತ್ತಿತ್ತು, ಬಿಸಿ ಇದ್ದಾಗಲೂ ಆಗುತ್ತಿತ್ತು, ಓಡುವಾಗಲೂ ಆಗುತ್ತಿತ್ತು. ಆದರೆ ಎಲ್ಲ ಸಲವೂ ಅಲ್ಲ. ಇದ್ದಕ್ಕಿದ್ದ ಹಾಗೆ ಶುರುವಾಗಿ, ಒಂದು ದೊಡ್ಡ ಹಳ್ಳಕ್ಕೆ ಇಳಿದು ಹತ್ತಿದರೆ ಸರಿಹೋಗುತ್ತಿತ್ತು. ಇದನ್ನು ಹೇಳಿದಾಗ ಮೇಸ್ತ್ರಿ ಮೊದಲ ಸಲ ನಕ್ಕರು. ‘ಕಚರಾ’ ಅಂದರು. ಬಿಚ್ಚುವ ಮೊದಲೇ.

ನೀಡಲ್ ಮತ್ತು ಅದು ಕೂರುವ ತೂತಿನ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಸ ಸಿಕ್ಕಿಕೊಂಡರೂ ಸಾಕು, ನಲ್ಲಿ ಪೂರ್ತಿ ಮುಚ್ಚುವುದಿಲ್ಲ. ಗಾಡಿ ಕುಲುಕಿದರೆ ಕಸ ಜಾರುತ್ತದೆ, ಮುಚ್ಚುತ್ತದೆ. ಅದಕ್ಕೇ ರಸ್ತೆಯಲ್ಲಿ ಓವರ್ ಆದಾಗ ಹಳೇ ಡ್ರೈವರ್‌ಗಳು ಸ್ಕ್ರೂಡ್ರೈವರ್ ಹಿಡಿಯಿಂದ ಕಾರ್ಬುರೇಟರ್ ತೊಟ್ಟಿಗೆ ಟಕ್ ಟಕ್ ಅಂತ ಎರಡು ಏಟು ಕೊಡುವುದು. ಮೂಢನಂಬಿಕೆ ಅಲ್ಲ ಅದು. ಏಟು ಮೆಲ್ಲಗಿರಲಿ, ತೊಟ್ಟಿ ಎರಕದ ಲೋಹದ್ದು, ಬಿರುಕು ಬಿಡುತ್ತದೆ.

ಆದರೂ ಅವರು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ ತೋರಿಸಿದರು. ಇವತ್ತು ನೀವು ಒಂದನ್ನು ಮಾತ್ರ ನೆನಪಿಟ್ಟುಕೊಂಡು ಹೋಗುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಇಂಜಿನ್ ಐಡ್ಲಿಂಗ್‌ನಲ್ಲಿ ಲೊಡಲೊಡ ಅನ್ನುತ್ತಿದೆ. ಏರ್ ಫಿಲ್ಟರ್ ತೆಗೆದು ಟಾರ್ಚ್ ಬಿಟ್ಟು ಗಂಟಲೊಳಗೆ ನೋಡಿ, ತಲೆ ಮಾತ್ರ ದೂರ ಇರಲಿ. ಐಡ್ಲಿಂಗ್‌ನಲ್ಲಿ ಆ ದೊಡ್ಡ ನಳಿಗೆಯಿಂದ ಒಂದು ಹನಿಯೂ ಬೀಳಬಾರದು. ನನ್ನದರಲ್ಲಿ ತೊಟ್ ತೊಟ್ ಅಂತ ಬೀಳುತ್ತಿತ್ತು. ಈಗ ಪಂಪಿನಿಂದ ಕಾರ್ಬುರೇಟರ್‌ಗೆ ಬರುವ ರಬ್ಬರ್ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಅಮುಕಿ ಹಿಡಿಯಿರಿ. ಪೆಟ್ರೋಲ್ ಬರುವುದು ನಿಂತಿತು. ತೊಟ್ಟಿಯ ಮಟ್ಟ ನಿಧಾನವಾಗಿ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಇಂಜಿನ್ ಸದ್ದು ಬದಲಾಯಿತು. ಲೊಡಲೊಡ ಹೋಗಿ ಹೊಲಿಗೆ ಮಿಷನ್ ಹಾಗೆ ಒಂದೇ ಸಮ ಓಡಿತು. ಇನ್ನೂ ಇಳಿದಮೇಲೆ ಪೆಟ್ರೋಲ್ ಸಾಲದೆ ಆಫ್ ಆಯಿತು. ನಡುವೆ ಆ ಚೆನ್ನಾಗಿ ಓಡಿದ ಹೊತ್ತು ಇದೆಯಲ್ಲ, ಅದೇ ಸಾಕ್ಷಿ. ಮಟ್ಟ ಜಾಸ್ತಿ ಇತ್ತು, ಬೇರೆ ಏನೂ ಅಲ್ಲ. ಪೈಪು ಅಮುಕಿದಾಗ ಸದ್ದು ಸುಧಾರಿಸದೆ ಸೀದಾ ಆಫ್ ಆಗಿದ್ದರೆ ಅನುಮಾನ ಬೇರೆ ಕಡೆ ತಿರುಗಿಸಬೇಕಿತ್ತು.

ಆಮೇಲೆ ಬಿಚ್ಚಿದರು. ಮೇಲ್ಮುಚ್ಚಳ ತೆಗೆದು, ನೀಡಲ್ ಕೂರುವ ಹಿತ್ತಾಳೆಯ ಗೂಡನ್ನು ತಿರುಗಿಸಿ ಹೊರಗೆ ತೆಗೆದು, ಬಿಳಿ ಬನಿಯನ್ ಬಟ್ಟೆಯ ಮೇಲೆ ಕುಟ್ಟಿದರು. ಬಟ್ಟೆಯ ಮೇಲೆ ಸಾಸಿವೆಯ ಕಾಲುಭಾಗದಷ್ಟು ಚಿಕ್ಕ ಕರಿ ಚೂರುಗಳು ಮೂರು. ಉಗುರಿನಿಂದ ಒತ್ತಿದರೆ ಮೆತ್ತಗಿದ್ದವು. ಮಣ್ಣಲ್ಲ, ತುಕ್ಕಲ್ಲ. ರಬ್ಬರ್.

ಇದು ನನ್ನದೇ ಪಾಪ. ಹಿಂದಿನ ವರ್ಷ ಪಂಪಿನಿಂದ ಕಾರ್ಬುರೇಟರ್‌ಗೆ ಹೋಗುವ ಪೈಪು ಬಿರುಕು ಬಿಟ್ಟಿತ್ತು. ಮೀಟರ್ ಲೆಕ್ಕದಲ್ಲಿ ಸಿಗುವ ಕರಿ ಪೈಪು ಒಂದು ಅಡಿ ತಂದು ನಾನೇ ಹಾಕಿದ್ದೆ. ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿ ಅದನ್ನು ಉದ್ದಕ್ಕೆ ಸೀಳಿದರು. ಒಳಗಿನ ಪದರ ಹಳೇ ಗೋಡೆಯ ಸುಣ್ಣದ ಹಾಗೆ ಎದ್ದು ಬರುತ್ತಿತ್ತು. ನನ್ನ ಪೆಟ್ರೋಲ್ ಫಿಲ್ಟರ್ ಇದ್ದದ್ದು ಟ್ಯಾಂಕ್ ಮತ್ತು ಪಂಪಿನ ನಡುವೆ. ಈ ಪೈಪು ಇದ್ದದ್ದು ಪಂಪು ದಾಟಿದ ಮೇಲೆ. ಕಾವಲುಗಾರ ಊರ ಬಾಗಿಲಲ್ಲಿ, ಕಳ್ಳ ಮನೆಯೊಳಗೇ. ಪ್ರತಿ ಸಲ ಹೊಸ ಕಿಟ್ ಹಾಕಿದಾಗ ತೊಳೆದದ್ದರಿಂದ ಎರಡು ನಾಲ್ಕು ದಿನ ಸರಿಯಾಗುತ್ತಿತ್ತು. ಆಮೇಲೆ ಮತ್ತೊಂದು ಚೂರು ಬಂದು ಕೂರುತ್ತಿತ್ತು. ಮೂರು ಕಿಟ್ಟೂ ಚೆನ್ನಾಗೇ ಇದ್ದವು.

ಪೈಪು ಯಾಕೆ ಹಾಗಾಯಿತು? ಇಲ್ಲಿ ಎಥನಾಲ್ ಮಾತು ಬರುತ್ತದೆ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ, ಪ್ರಧಾನಿ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. 100 ಲೀಟರಿನಲ್ಲಿ 20 ಲೀಟರ್ ಎಥನಾಲ್. 2025ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಬಂಕಿನಲ್ಲೂ ಅದೇ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಒಳ್ಳೆಯದಾಯಿತು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ 1986ರಲ್ಲಿ ನನ್ನ ಕಾರಿಗೆ ರಬ್ಬರ್ ಹಾಕಿದವರಿಗೆ ಇದು ಕನಸಿನಲ್ಲೂ ಬಂದಿರಲಿಲ್ಲ. ನಾನು ತಂದು ಹಾಕಿದ ಪೈಪೂ ಎಥನಾಲ್ ತಡೆಯುವಂಥದ್ದಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಇ20 ಹಾಕಿದ ಮೇಲೆ ಓವರ್ ಆಗುತ್ತಿದೆ, ಜೆಟ್ ಚಿಕ್ಕದು ಹಾಕಬೇಕು’ ಅನ್ನುವವರಿದ್ದಾರೆ. ಜೆಟ್ ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು. ಲೆಕ್ಕ ಉಲ್ಟಾ. ಒಂದು ಕೆಜಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಒಂದು ಕೆಜಿ ಎಥನಾಲ್‌ಗೆ ಸುಮಾರು 9 ಸಾಕು. ಅಂದರೆ ಅದೇ ಜೆಟ್, ಅದೇ ಗಾಳಿ ಇಟ್ಟುಕೊಂಡು ಎಥನಾಲ್ ಬೆರೆಸಿದರೆ ಮಿಶ್ರಣ ತೆಳುವಾಗುತ್ತದೆ, ಗಟ್ಟಿಯಾಗುವುದಿಲ್ಲ. ಆದ್ದರಿಂದ ಇ20 ಬಂದಮೇಲೆ ಓವರ್ ಆಗುತ್ತಿದ್ದರೆ ಜೆಟ್‌ಗೆ ಕೈ ಹಾಕಬೇಡಿ. ಎಥನಾಲ್ ಏನನ್ನೋ ಬಿಡಿಸಿಕೊಂಡು ತಂದಿದೆ, ಅದನ್ನು ಹುಡುಕಿ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಅಂಟಿಕೊಂಡಿದ್ದ ಗೋಂದಿನಂಥ ಕೊಳೆಯನ್ನು ಅದು ಎಬ್ಬಿಸುತ್ತದೆ. ಹಳೇ ರಬ್ಬರನ್ನು ಉಬ್ಬಿಸುತ್ತದೆ. ನೀರನ್ನು ಹೀರಿಕೊಳ್ಳುತ್ತದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಮಲೆನಾಡಿನ ಕಾರಿನ ಕಾರ್ಬುರೇಟರ್ ಬಿಚ್ಚಿ ನೋಡಿ, ತೊಟ್ಟಿಯ ತಳದಲ್ಲಿ ಬಿಳಿ ಪುಡಿ ಇರುತ್ತದೆ. ಲೋಹವೇ ತಿಂದುಹೋಗಿ ಆದ ಪುಡಿ.

ಇನ್ನೊಂದು ಅರಗು. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುತ್ತದಲ್ಲ, ಅದೇ ಅರಗು. ನಮ್ಮ ಗ್ಯಾರೇಜುಗಳಲ್ಲಿ ಶೆಲಾಕ್ ಅಂತ ಬಾಟಲಿಯಲ್ಲಿ ಇಟ್ಟುಕೊಂಡು ಪೇಪರ್ ಪ್ಯಾಕಿಂಗ್‌ಗೆಲ್ಲ ಬಳಿಯುತ್ತಾರೆ. ಬರೀ ಪೆಟ್ರೋಲ್ ಅದನ್ನು ಏನೂ ಮಾಡುತ್ತಿರಲಿಲ್ಲ. ಬಡಗಿಗಳು ಪಾಲಿಶ್‌ಗೆ ಅರಗನ್ನು ಯಾವುದರಲ್ಲಿ ಕರಗಿಸುತ್ತಾರೆ? ಸ್ಪಿರಿಟ್‌ನಲ್ಲಿ. ಸ್ಪಿರಿಟ್ ಅಂದರೆ ಎಥನಾಲೇ. ಕಾರ್ಬುರೇಟರ್‌ಗೆ ಶೆಲಾಕ್ ಬಳಿಯಲು ಬಂದರೆ ಕೈ ಹಿಡಿದು ನಿಲ್ಲಿಸಿ. ಪ್ಯಾಕಿಂಗ್ ಒಣದಾಗಿಯೇ ಕೂರಲಿ. ಮುಚ್ಚಳ ಸೊಟ್ಟಗಾಗಿ ಒಣ ಪ್ಯಾಕಿಂಗ್ ನಿಲ್ಲುತ್ತಿಲ್ಲ ಅಂದರೆ ಮುಚ್ಚಳವನ್ನು ಗಾಜಿನ ಮೇಲೆ ಎಮೆರಿ ಪೇಪರ್ ಹಾಸಿ ಉಜ್ಜಿ ಸಮ ಮಾಡಬೇಕು.

ತಟ್ಟೆ ವಾಪಸ್ ಬಂತಲ್ಲ. ಈ ನೀಡಲ್ ನೋಡಿ. ತುದಿಯ ಸುತ್ತ ಉಂಗುರದ ಹಾಗೆ ಒಂದು ಗೆರೆ ಸವೆದಿದೆ, ಉಗುರಿಗೆ ಸಿಗುತ್ತದೆ. ಇಂಥದ್ದು ಕಸ ಇಲ್ಲದಿದ್ದರೂ ಸೋರುತ್ತದೆ. ಹಳೇ ಮೆಕ್ಯಾನಿಕ್‌ಗಳು ನೀಡಲ್ ಗೂಡನ್ನು ತುಟಿಗೆ ಇಟ್ಟು, ನೀಡಲ್ ಮುಚ್ಚಿ ಎಳೆದು, ನಾಲಿಗೆಗೆ ಅಂಟಿ ನೇತಾಡುತ್ತದಾ ನೋಡುತ್ತಾರೆ. ನೇತಾಡಿದರೆ ಸೋರುವುದಿಲ್ಲ. ನೀವು ಮಾಡಬೇಡಿ, ಪೆಟ್ರೋಲ್ ಬಾಯಿಗೆ ಹೋಗುವುದು ಒಳ್ಳೆಯದಲ್ಲ. ಮುಚ್ಚಳವನ್ನು ತಲೆಕೆಳಗು ಹಿಡಿದು, ನೀಡಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಮುಚ್ಚಿ, ಪೆಟ್ರೋಲ್ ಬರುವ ಬಾಯಿಗೆ ಒಂದು ಹೊಸ ಪೈಪ್ ತುಂಡು ಹಾಕಿ ಊದಿದರೂ ಅದೇ ಗೊತ್ತಾಗುತ್ತದೆ.

ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಎಳನೀರು ಅಲ್ಲಾಡಿಸಿದ ಹಾಗೆ ಒಳಗೆ ಕುಲುಕಿದರೆ ಅದು ತೂತಾಗಿದೆ, ಪೆಟ್ರೋಲ್ ಕುಡಿದಿದೆ, ತೇಲುವ ಬದಲು ಮುಳುಗುತ್ತಿದೆ. ಹಿತ್ತಾಳೆಯದಾದರೆ ಬಿಸಿ ನೀರಿನಲ್ಲಿ ಅದ್ದಿ. ಒಳಗಿನ ಗಾಳಿ ಹಿಗ್ಗಿ ತೂತಿನ ಜಾಗದಲ್ಲಿ ಗುಳ್ಳೆ ಏಳುತ್ತದೆ. ಬೆಸುಗೆ ಹಾಕುವ ಮೊದಲು ಒಳಗಿನ ಪೆಟ್ರೋಲ್ ಒಂದು ತೊಟ್ಟೂ ಬಿಡದೆ ತೆಗೆಯಲೇಬೇಕು, ಇಲ್ಲದಿದ್ದರೆ ಕೈಯಲ್ಲೇ ಪಟಾಕಿ. ಬೆಸುಗೆ ತೆಳ್ಳಗಿರಲಿ. ದಪ್ಪ ಹಾಕಿದರೆ ಫ್ಲೋಟಿನ ತೂಕ ಜಾಸ್ತಿಯಾಗಿ ಮತ್ತೆ ಮಟ್ಟ ಏರುತ್ತದೆ.

ಇನ್ನು ಈ ತಾಮ್ರದ ವಾಷರ್. ನೀಡಲ್ ಗೂಡಿನ ಕೆಳಗೆ ಕೂರುತ್ತದೆ. ನೋಡಲು ಏನೂ ಅಲ್ಲ. ಸೊಲೆಕ್ಸ್‌ನಲ್ಲಿ ಪೆಟ್ರೋಲ್ ಮಟ್ಟವನ್ನು ನಿರ್ಧರಿಸುವುದೇ ಇದರ ದಪ್ಪ. ದಪ್ಪದ್ದು ಹಾಕಿದರೆ ನೀಡಲ್ ಬೇಗ ಮುಚ್ಚಿ ಮಟ್ಟ ಇಳಿಯುತ್ತದೆ, ತೆಳ್ಳಗಿನದು ಹಾಕಿದರೆ ಏರುತ್ತದೆ. ಹಾಕುವುದನ್ನೇ ಮರೆತರೆ ಪೆಟ್ರೋಲ್ ನೀಡಲನ್ನು ಕೇಳದೆ ಪಕ್ಕದಿಂದ ನುಗ್ಗುತ್ತದೆ. ಹೊಸ ಕಿಟ್ಟಿನ ಪ್ಯಾಕೆಟ್‌ನಲ್ಲಿ ಎರಡು ಮೂರು ವಾಷರ್ ಇರುತ್ತವೆ, ಯಾವುದು ನಿಮ್ಮದು ಅಂತ ಪ್ಯಾಕೆಟ್ ಹೇಳುವುದಿಲ್ಲ. ಹಳೆಯದನ್ನು ಎಸೆಯುವ ಮೊದಲು ದಪ್ಪ ಅಳೆದುಕೊಳ್ಳಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ನಾನು ಎಸಿ ಪಂಪ್, ಅದೇ ಇಂಜಿನ್‌ನಿಂದಲೇ ಓಡುವ ಹಳೇ ಪೆಟ್ರೋಲ್ ಪಂಪು, ತೆಗೆದು ಇಲೆಕ್ಟ್ರಿಕ್ ಪಂಪ್ ಹಾಕಿಸಿದ್ದೇನೆ. ಆವಾಗಿನಿಂದ ಓವರ್.’

ಯಾವ ಕಾರಿನ ಪಂಪು? ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಕಾರಿನದ್ದಾ? ಅಲ್ಲೇ ಸಿಕ್ಕಿತು. ಕಾರ್ಬುರೇಟರ್‌ಗೆ ಬೇಕಾದ ಒತ್ತಡ 3-4 ಪಿಎಸ್‌ಐ. ಇಂಜೆಕ್ಷನ್ ಕಾರಿನ ಪಂಪು ಕೊಡುವುದು 40ರ ಆಸುಪಾಸು. ಈ ಪುಟ್ಟ ಫ್ಲೋಟು ಅದನ್ನು ತಡೆಯುವುದು ಅಂದರೆ ಕೆಆರ್‌ಎಸ್ ಗೇಟಿಗೆ ಕೈ ಅಡ್ಡ ಹಿಡಿದ ಹಾಗೆ. ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿಸಿ, ಇಲ್ಲವೇ ಹಳೇ ಪಂಪು ವಾಪಸ್ ಹಾಕಿಸಿ. ನಾನಾದರೆ ಹಳೆಯದನ್ನೇ ಹಾಕಿಸುತ್ತಿದ್ದೆ. ಹಾಕಿಸುವಾಗ ಪಂಪು ಮತ್ತು ಇಂಜಿನ್ ನಡುವಿನ ದಪ್ಪ ತುಂಡು ಮರೆಯಬಾರದು, ಅದಿಲ್ಲದಿದ್ದರೆ ಹಳೇ ಪಂಪೂ ಜಾಸ್ತಿ ಒತ್ತುತ್ತದೆ.

ಇನ್ನೊಬ್ಬರು: ‘ಪ್ಲಗ್ ಬಿಚ್ಚಿದರೆ ಒದ್ದೆ ಇರುತ್ತೆ, ಕಾರ್ಬುರೇಟರ್ ಎಲ್ಲ ನೋಡಾಯಿತು, ಏನೂ ಇಲ್ಲ.’

ಒದ್ದೆ ಪ್ಲಗ್ ಹೇಳುವುದು ಪೆಟ್ರೋಲ್ ಉರಿಯಲಿಲ್ಲ ಅಂತ ಮಾತ್ರ. ಜಾಸ್ತಿ ಬಂತು ಅಂತ ಅಲ್ಲ. ಕಿಡಿಯೇ ಇಲ್ಲದಿದ್ದರೂ ಪ್ಲಗ್ ಒದ್ದೆಯಾಗುತ್ತದೆ, ಅಲ್ವಾ? ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ ಕೆಟ್ಟರೆ, ಪಾಯಿಂಟ್ ಸುಟ್ಟಿದ್ದರೆ, ಕಿಡಿ ಹಳದಿಯಾಗಿ ಸೋತಿರುತ್ತದೆ. ಪೈಪು ಅಮುಕುವ ಪರೀಕ್ಷೆಯಲ್ಲಿ ಸದ್ದು ಸುಧಾರಿಸಲಿಲ್ಲ ಅಂದರೆ ಮೊದಲು ಈ ಕಡೆ ನೋಡಿ. ಕಿಡಿ ನೋಡುವಾಗ ಸುತ್ತ ಚೆಲ್ಲಿದ ಪೆಟ್ರೋಲ್ ಆರಿರಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೆ ಕೂತಿರುತ್ತದೆ, ಕಾಣುವುದಿಲ್ಲ. ಹಳೇ ಇಂಜಿನ್ನಿನ ಅಂಬಾಸಡರ್‌ನವರು ಇನ್ನೂ ಹುಷಾರು. ಅದರಲ್ಲಿ ಕಾರ್ಬುರೇಟರ್ ಮತ್ತು ಬಿಸಿ ಎಕ್ಸಾಸ್ಟ್ ಇಂಜಿನ್‌ನ ಒಂದೇ ಬದಿಯಲ್ಲಿವೆ. ಹೊರಗೆ ತೊಟ್ಟಿಕ್ಕುತ್ತಿದ್ದರೆ ಸೆಲ್ಫ್ ಮುಟ್ಟಲೇಬೇಡಿ, ಮೊದಲು ಬ್ಯಾಟರಿ ವಯರ್ ಬಿಚ್ಚಿ. ಒದ್ದೆ ಪ್ಲಗ್ಗಿಗೆ ಬೆಂಕಿಕಡ್ಡಿ ಗೀರಿ ಸುಡುವವರೂ ಇದ್ದಾರೆ, ಬಾನೆಟ್ ಪಕ್ಕದಲ್ಲೇ ನಿಂತು. ದೇವರು ಅವರನ್ನು ಇಲ್ಲಿವರೆಗೆ ಕಾಪಾಡಿದ್ದಾನೆ.

ಒಂದು ಬಿಟ್ಟೆ. ಬಹಳ ದಿನ ಓವರ್ ಆಗಿ ಓಡಿದ ಕಾರಿನ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟ ಇಳಿಯುವ ಬದಲು ಏರಿದ್ದರೆ, ಸುರಿದ ಪೆಟ್ರೋಲ್ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲಿಗೆ ಸೇರಿದೆ. ತೆಳುವಾದ ಆಯಿಲಿನಲ್ಲಿ ಬೇರಿಂಗ್ ಉಳಿಯುವುದಿಲ್ಲ. ಎಸಿ ಪಂಪಿನ ಒಳಗಿನ ಡಯಾಫ್ರಮ್ ಹರಿದರೂ ಪೆಟ್ರೋಲ್ ಆಯಿಲಿಗೇ ಬರುತ್ತದೆ, ಎರಡನ್ನೂ ನೋಡಬೇಕು. ನಾನು ಅವತ್ತು ಪೈಪ್ ಬದಲಾಯಿಸಿ, ಇಂಜೆಕ್ಷನ್ ಕಾರುಗಳಿಗೆ ಹಾಕುವ ಎಥನಾಲ್ ತಡೆಯುವ ಪೈಪ್ ಹಾಕಿಸಿ, ಕಾರ್ಬುರೇಟರ್ ಬಾಯಿಯ ಹತ್ತಿರ ಇನ್ನೊಂದು ಚಿಕ್ಕ ಫಿಲ್ಟರ್ ಸೇರಿಸಿ, ಖುಷಿಯಿಂದ ಹೊರಟಿದ್ದೆ. ಮೇಸ್ತ್ರಿ ಕೂಗಿ ವಾಪಸ್ ಕರೆದು ಆಯಿಲ್ ಕಡ್ಡಿ ಮೂಗಿಗೆ ಹಿಡಿದರು. ಆಯಿಲ್ ಪೂರ್ತಿ ಚೆಲ್ಲಬೇಕಾಯಿತು.

ಅಲ್ಲಿ ಬಾಗಿಲ ಹತ್ತಿರ ನಿಂತವರು ಆಗಿನಿಂದ ಕೈ ಎತ್ತುತ್ತಿದ್ದೀರಿ. ಏನು, ಹೊರಗೆ ನಿಂತಿರುವ ಬಿಳಿ ಅಂಬಾಸಡರ್ ನಿಮ್ಮದಾ? ಬರುವಾಗ ಚೆನ್ನಾಗಿ ಬಂತು, ಈಗ ಹೊಡೆದರೆ ಏಳುತ್ತಿಲ್ಲ. ಎಷ್ಟು ಹೊತ್ತಾಯಿತು ನಿಲ್ಲಿಸಿ? ನೆರಳಿನಲ್ಲಿ ನಿಲ್ಲಿಸಿದ್ದಿರಾ, ಬಿಸಿಲಿನಲ್ಲಾ? ಇರಿ, ಇನ್ನೊಂದು ಸಲ ಹೊಡೆಯಬೇಡಿ. ಬಾನೆಟ್ ಎತ್ತಿಡಿ, ಬರುತ್ತೇನೆ. ಟಾರ್ಚ್ ಯಾರ ಹತ್ತಿರ ಇದೆ?